ನಲವತ್ತೆಂಟಕ್ಕೆ ಮುತ್ತಜ್ಜ: ಟಾರ್ಗೇರಿಯನ್ ವಂಶವೃಕ್ಷದ ವಯಸ್ಸಿನ ಲೆಕ್ಕ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಬಹುಪಾಲು ಒಂದೇ ಮನೆತನದ ಬಗ್ಗೆ ಬಂದಿವೆ. ಅದು ಜಾರ್ಜ್ ಆರ್. ಆರ್. ಮಾರ್ಟಿನ್ ಕಟ್ಟಿದ ವೆಸ್ಟೆರಾಸ್ ಲೋಕದ ಟಾರ್ಗೇರಿಯನ್ ರಾಜವಂಶ. ‘ಗೇಮ್ ಆಫ್ ಥ್ರೋನ್ಸ್’, ‘ಹೌಸ್ ಆಫ್ ದ ಡ್ರ್ಯಾಗನ್’ ಧಾರಾವಾಹಿಗಳನ್ನು ನೋಡಿ, ಆಮೇಲೆ ಪುಸ್ತಕ ಹಿಡಿದು, ಇಸವಿಗಳನ್ನು ಕಳೆದು ನೋಡಿದವರೆಲ್ಲ ಒಂದಲ್ಲ ಒಂದು ಕಡೆ ಎಡವಿದ್ದಾರೆ. ಅಲ್ಲಿನ ಇಸವಿ ಎಣಿಕೆಯಾಗುವುದು ಮೊದಲನೇ ಏಗಾನ್ ಏಳು ರಾಜ್ಯಗಳನ್ನು ಗೆದ್ದ ಕಾಲದಿಂದ. ಇಲ್ಲಿ ಅದನ್ನು ವಿಜಯಶಕ, ಚುಟುಕಾಗಿ ವಿ.ಶ. ಎಂದು ಬರೆದಿದ್ದೇವೆ. ಉತ್ತರಗಳಲ್ಲಿ ಕಥೆಯ ಕೆಲವು ಗುಟ್ಟುಗಳು ಹೊರಬೀಳುತ್ತವೆ. ಇನ್ನೂ ನೋಡದವರು, ಓದದವರು ಎಚ್ಚರವಾಗಿರಿ.

ಪ್ರಶ್ನೆ: ಎರಡನೇ ವಿಸೆರಿಸ್ ಹುಟ್ಟಿದ್ದು ವಿ.ಶ. 122, ಅವನ ಮಗ ನಾಲ್ಕನೇ ಏಗಾನ್ ಹುಟ್ಟಿದ್ದು 135. ಅಪ್ಪನಿಗೆ ಹದಿಮೂರೇ ವರ್ಷವೇ? ಇದು ಅಚ್ಚಿನ ತಪ್ಪಲ್ಲವೇ? (ಧಾರವಾಡ)

ಅಚ್ಚಿನ ತಪ್ಪಲ್ಲ. 2018ರಲ್ಲಿ ಬಂದ ಮಾರ್ಟಿನ್ ಅವರ ‘ಫೈರ್ ಅಂಡ್ ಬ್ಲಡ್’ ಪುಸ್ತಕ ಈ ಹದಿಮೂರನ್ನು ಬಚ್ಚಿಡುವ ಬದಲು ಅದಕ್ಕೊಂದು ಕಥೆಯನ್ನೇ ಕಟ್ಟಿ ಕೊಟ್ಟಿದೆ. ಸಿಂಹಾಸನಕ್ಕಾಗಿ ರೆನೀರಾ ಮತ್ತು ಎರಡನೇ ಏಗಾನ್ ನಡುವೆ ಡ್ರ್ಯಾಗನ್‌ಗಳ ಅಂತರ್ಯುದ್ಧ ಶುರುವಾದಾಗ ವಿಸೆರಿಸ್ ಏಳು ವರ್ಷದ ಹುಡುಗ. ಹಡಗಿನಲ್ಲಿ ಸೆರೆಸಿಕ್ಕಿ ಲಿಸ್ ನಗರ ಸೇರುತ್ತಾನೆ. ಸತ್ತನೆಂದೇ ಎಲ್ಲರೂ ತಿಳಿದಿದ್ದವನು 134ರಲ್ಲಿ ಮರಳಿ ಬರುವಾಗ ಜೊತೆಗೆ ಹೆಂಡತಿಯೂ ಬರುತ್ತಾಳೆ. ಗಂಡನಿಗೆ 12, ಹೆಂಡತಿ ಲಾರಾ ರೊಗಾರೆಗೆ 19. ಮರುವರ್ಷ ಏಗಾನ್, 136ರಲ್ಲಿ ಏಮನ್, 138ರಲ್ಲಿ ನೇರಿಸ್. ಮೂರು ಮಕ್ಕಳಾಗುವ ಹೊತ್ತಿಗೆ ಅಪ್ಪನಿಗೆ ಇನ್ನೂ ಹದಿನಾರು.

ಇಸವಿಗಳು ಮೊದಲು ಗೊತ್ತಾಗಿ ಕಾರಣ ಆಮೇಲೆ ಬಂದಿರಬೇಕು ಎಂಬುದು ನಮ್ಮ ಊಹೆ. ರಾಜರ ಪಟ್ಟಿಯಲ್ಲಿ ಆಳ್ವಿಕೆಯ ವರ್ಷಗಳು ಮುಂಚೆಯೇ ಅಚ್ಚಾಗಿದ್ದವು, ಅವುಗಳ ನಡುವೆ ಒಂದು ತಲೆಮಾರನ್ನು ಹಿಡಿಸಬೇಕಿತ್ತು. ಜಾಗ ಸಾಲದೆ ಬಂದಾಗ ಬಾಲ್ಯವಿವಾಹವೇ ದಾರಿ.

ಇದರ ಪರಿಣಾಮ ಅಲ್ಲಿಗೇ ನಿಲ್ಲುವುದಿಲ್ಲ. ನಾಲ್ಕನೇ ಏಗಾನ್ 135, ಅವನ ಮಗ ಎರಡನೇ ಡೇರನ್ 153, ಡೇರನ್‌ನ ಮಗ ಬೇಲರ್ 170. ಅಂದರೆ ಎರಡನೇ ವಿಸೆರಿಸ್ ಮುತ್ತಜ್ಜನಾಗುವಾಗ ಅವನಿಗೆ ನಲವತ್ತೆಂಟು, ಹೆಚ್ಚೆಂದರೆ. ಅವನು ಪಟ್ಟಕ್ಕೆ ಬಂದದ್ದು ಅದರ ಮರುವರ್ಷ, 171ರಲ್ಲಿ. ನಾಲ್ಕನೇ ಏಗಾನ್‌ನ ಮದುವೆಯ ಹೊರಗಿನ ಮಗ ಡೇಮನ್ ಬ್ಲ್ಯಾಕ್‌ಫೈರ್ ಹುಟ್ಟಿದ್ದೂ ಅದೇ 170ರಲ್ಲಿ. ಒಬ್ಬನೇ ಮನುಷ್ಯನಿಗೆ ಒಂದೇ ವರ್ಷ ಮಗನೂ ಆದ, ಮೊಮ್ಮಗನೂ ಆದ. ಮುಂದೆ 196ರಲ್ಲಿ ರೆಡ್‌ಗ್ರಾಸ್ ಮೈದಾನದ ಯುದ್ಧದಲ್ಲಿ ಎದುರುಬದುರಾಗುವ ಪಕ್ಷಗಳಲ್ಲಿ ಈ ಇಬ್ಬರೂ ಇದ್ದಾರೆ. ಡೇಮನ್ ಚಿಕ್ಕಪ್ಪ, ಬೇಲರ್ ಅವನ ಅಣ್ಣನ ಮಗ, ಆದರೂ ಸರೀಕರು.

ತಲೆಮಾರಿಗೆ 25 ವರ್ಷ ಎಂಬ ಅಂದಾಜು ಹಿಡಿದು ಲೆಕ್ಕ ಹಾಕಿದವರಿಗೆ ಇಲ್ಲಿ ವೃಕ್ಷ ಮುರಿದಂತೆ ಕಾಣುತ್ತದೆ. ಆದರೆ ಇಡೀ ಸರಪಳಿ ನೋಡಿ. ಮೊದಲನೇ ಏಗಾನ್ ವಿಜಯಕ್ಕೆ 27 ವರ್ಷ ಮುಂಚೆ ಹುಟ್ಟಿದವನು, ‘ಗೇಮ್ ಆಫ್ ಥ್ರೋನ್ಸ್’ ಕಥೆಯ ಡೆನೇರಿಸ್ ಹುಟ್ಟಿದ್ದು 284ರಲ್ಲಿ. ನಡುವೆ ಎರಡನೇ ವಿಸೆರಿಸ್‌ನ ತಾಯಿ ರೆನೀರಾ ಮೂಲಕ ಬಂದರೆ 13 ಮೆಟ್ಟಿಲು. 311ನ್ನು 13ರಿಂದ ಭಾಗಿಸಿದರೆ ಹೆಚ್ಚುಕಡಿಮೆ 24. ಸರಾಸರಿ ನೆಟ್ಟಗಿದೆ, ಆದರೆ ಮೆಟ್ಟಿಲುಗಳು ಸಮನಾಗಿಲ್ಲ. ಅತಿ ಗಿಡ್ಡ ಮೆಟ್ಟಿಲು ಈ 13, ಅತಿ ಎತ್ತರದ್ದು ಎರಡನೇ ಏರಿಸ್‌ನಿಂದ ಅವನ ಮಗಳು ಡೆನೇರಿಸ್‌ಗೆ, 40.

ಪ್ರಶ್ನೆ: ಸಿಂಹಾಸನಕ್ಕಾಗಿ ಕಾದಾಡಿದ ರೆನೀರಾ ಮತ್ತು ಎರಡನೇ ಏಗಾನ್ ನಡುವೆ ವಯಸ್ಸಿನ ಅಂತರ ಎಷ್ಟು? ಒಂದು ಕಡೆ ಒಂದು ವರ್ಷ, ಇನ್ನೊಂದು ಕಡೆ ಹತ್ತು, ಧಾರಾವಾಹಿಯಲ್ಲಿ ಅದಕ್ಕೂ ಹೆಚ್ಚು ಕಾಣುತ್ತದೆ. (ಮೈಸೂರು)

ಮೂರೂ ನಿಜ. ಒಂದೊಂದು ಒಂದೊಂದು ಕಡೆಯದು. ಇಡೀ ವೃಕ್ಷದಲ್ಲಿ ಸಮಜಾಯಿಷಿ ಕೊಟ್ಟು ಮುಚ್ಚಲಾಗದ ತಪ್ಪು ಎಂದರೆ ಇದೇ.

ಮುಖ್ಯ ಸರಣಿಯ ಹಳೆಯ ಸಂಪುಟದ ಅನುಬಂಧದಲ್ಲಿ ಟಾರ್ಗೇರಿಯನ್ ರಾಜರ ಪಟ್ಟಿ ಇದೆ. ಅಲ್ಲಿ ಎರಡನೇ ಏಗಾನ್‌ನ ಸಾಲಿನ ಪಕ್ಕದಲ್ಲಿ, ಅವನ ಪಟ್ಟವನ್ನು ಅವನಿಗಿಂತ ಒಂದು ವರ್ಷ ದೊಡ್ಡವಳಾದ ಅಕ್ಕ ರೆನೀರಾ ಪ್ರಶ್ನಿಸಿದಳು ಎಂಬ ಟಿಪ್ಪಣಿ ಇದೆ. ಆಗ ಆ ಯುದ್ಧದ ಕಥೆ ಇನ್ನೂ ಬರೆದಿರಲಿಲ್ಲ, ಅದೊಂದು ಹಿನ್ನೆಲೆಯ ಸಾಲು ಅಷ್ಟೆ. 2013ರ ‘ದ ಪ್ರಿನ್ಸೆಸ್ ಅಂಡ್ ದ ಕ್ವೀನ್’ ನೀಳ್ಗತೆಯಲ್ಲಿ, ಆಮೇಲೆ 2014ರ ‘ದ ವರ್ಲ್ಡ್ ಆಫ್ ಐಸ್ ಅಂಡ್ ಫೈರ್’ನಲ್ಲಿ, ಕೊನೆಗೆ ‘ಫೈರ್ ಅಂಡ್ ಬ್ಲಡ್’ನಲ್ಲಿ ಕಥೆ ತುಂಬಿಕೊಂಡಾಗ ರೆನೀರಾ 97ರವಳಾದಳು, ಏಗಾನ್ 107ರವನಾದ. ಹತ್ತು ವರ್ಷ.

ಯಾಕೆ ಬದಲಾಯಿಸಬೇಕಾಯಿತು ಎಂಬುದಕ್ಕೆ ಉತ್ತರ ಕಥೆಯೊಳಗೇ ಇದೆ. ಒಂದೇ ವರ್ಷದ ಅಂತರವಾದರೆ ಇಬ್ಬರೂ ಕೂಸುಗಳಾಗಿದ್ದಾಗಲೇ ಹಕ್ಕಿನ ಪ್ರಶ್ನೆ ಏಳುತ್ತದೆ. ರೆನೀರಾಳನ್ನು ಉತ್ತರಾಧಿಕಾರಿ ಎಂದು 105ರಲ್ಲಿ ಸಾರಿ, ಸಾಮಂತರಿಂದ ಪ್ರಮಾಣ ಮಾಡಿಸಿ, ಆಮೇಲೆ ಗಂಡುಮಗು ಹುಟ್ಟಿದರೆ ಮಾತ್ರ ಜಗಳಕ್ಕೆ ಕಸುವು. ಅದಕ್ಕೆ ತಾಯಂದಿರೂ ಬೇರೆಯಾಗಬೇಕು: ರೆನೀರಾಳ ತಾಯಿ ಏಮಾ ಏರಿನ್, ಏಗಾನ್‌ನ ತಾಯಿ ಆಲಿಸೆಂಟ್ ಹೈಟವರ್. ಹಾಗಾಗಿ ನಿಮ್ಮ ಚಾರ್ಟ್‌ನಲ್ಲಿ ಅನುಬಂಧದ ‘ಒಂದು ವರ್ಷ’ವನ್ನು ರದ್ದಾದ ಸಾಲು ಎಂದು ಗುರುತು ಮಾಡಿ, ಅಳಿಸಬೇಡಿ. ಅಳಿಸಿದರೆ ನಾಳೆ ಇನ್ನೊಬ್ಬರು ಅದೇ ಪುಟ ತೆರೆದು ನಿಮ್ಮ ಚಾರ್ಟೇ ತಪ್ಪು ಎನ್ನುತ್ತಾರೆ.

ಧಾರಾವಾಹಿಯ ಅಂತರ ಬೇರೆ ಕಥೆ. ಮುಂದಿನ ಉತ್ತರ ನೋಡಿ.

ಪ್ರಶ್ನೆ: ‘ಹೌಸ್ ಆಫ್ ದ ಡ್ರ್ಯಾಗನ್’ ಮೊದಲ ಕಂತಿನಲ್ಲಿ ‘ಡೆನೇರಿಸ್ ಹುಟ್ಟುವುದಕ್ಕೆ 172 ವರ್ಷ ಮುಂಚೆ’ ಎಂದು ಬರುತ್ತದೆ. ಇದನ್ನು ಹಿಡಿದು ಪಾತ್ರಗಳ ವಯಸ್ಸು ಲೆಕ್ಕ ಹಾಕಿದರೆ ಪುಸ್ತಕಕ್ಕೆ ತಾಳೆಯಾಗುವುದಿಲ್ಲ. (ಬೆಂಗಳೂರು)

ಆ ಫಲಕವನ್ನು ಪೂರ್ತಿ ಓದಿ. ಅದು ಮೊದಲನೇ ವಿಸೆರಿಸ್‌ನ ಆಳ್ವಿಕೆಯ ಒಂಬತ್ತನೇ ವರ್ಷ, ಮತ್ತು ಹುಚ್ಚು ದೊರೆ ಏರಿಸ್‌ನ ಸಾವು ಹಾಗೂ ಅವನ ಮಗಳ ಜನನಕ್ಕೆ 172 ವರ್ಷ ಮುಂಚೆ ಎಂದಿದೆ. ಸಾವು 283ರಲ್ಲಿ, ಜನನ 284ರಲ್ಲಿ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದರಿಂದ ಉತ್ತರ 111 ಅಥವಾ 112. ವಿಸೆರಿಸ್ ಪಟ್ಟಕ್ಕೆ ಬಂದದ್ದು 103ರಲ್ಲಿ. ಒಂಬತ್ತನೇ ವರ್ಷ ‘ನಡೆಯುತ್ತಿದೆ’ ಎಂದರೆ ತುಂಬಿರುವುದು ಎಂಟು, ಅಂದರೆ 111ರ ನಡುವಿನಿಂದ 112ರ ನಡುವಿನವರೆಗೆ. ಫಲಕ ತನ್ನೊಳಗೆ ಸರಿಯಾಗಿಯೇ ಇದೆ.

ತಾಳ ತಪ್ಪುವುದು ಆಮೇಲೆ. ಪುಸ್ತಕದಲ್ಲಿ 112ರ ಹೊತ್ತಿಗೆ ರಾಣಿ ಏಮಾ ಸತ್ತು ಏಳು ವರ್ಷವಾಗಿದೆ, ಆಲಿಸೆಂಟ್‌ಳ ಮದುವೆಯಾಗಿ ಆರು ವರ್ಷ, ಏಗಾನ್‌ಗೆ ಐದು, ಹೆಲೇನಾಗೆ ಮೂರು, ಏಮಂಡ್‌ಗೆ ಎರಡು. ಧಾರಾವಾಹಿಯಲ್ಲಿ ಏಮಾ ಸಾಯುವುದೇ ಮೊದಲ ಕಂತಿನಲ್ಲಿ. ಅಂದರೆ 105ರ ಘಟನೆಯನ್ನು ಎತ್ತಿ 112ಕ್ಕೆ ತಂದಿಟ್ಟಿದ್ದಾರೆ. ರೆನೀರಾ ಎಂಟು ವರ್ಷದ ಮಗುವಾಗಿರುವ ಬದಲು ಹದಿಹರೆಯದವಳಾಗಿ ಕಥೆಗೆ ಕಾಲಿಡಬೇಕಿತ್ತು, ಅದಕ್ಕೆ.

ಅಲ್ಲಿಂದ ಜಿಗಿತಗಳನ್ನು ಕೂಡಿಸಿಕೊಂಡು ಹೋಗಿ. ಮೂರನೇ ಕಂತು ತೆರೆಯುವುದು ಏಗಾನ್‌ನ ಎರಡನೇ ಹುಟ್ಟುಹಬ್ಬಕ್ಕೆ, ಸುಮಾರು 115. ನಾಲ್ಕು, ಐದನೇ ಕಂತುಗಳಿಗೆ ಇನ್ನೊಂದು ವರ್ಷ ಹಿಡಿಯಿರಿ. ಐದರಿಂದ ಆರನೇ ಕಂತಿಗೆ ಹತ್ತು ವರ್ಷದ ಜಿಗಿತ, ಏಳರಿಂದ ಎಂಟಕ್ಕೆ ಆರು ವರ್ಷ. ಒಟ್ಟು 132ರ ಆಸುಪಾಸು. ಆದರೆ ಪುಸ್ತಕದಲ್ಲಿ ರಾಜ ವಿಸೆರಿಸ್ ಸಾಯುವುದು 129ರಲ್ಲಿ. ಮೂರು ವರ್ಷ ಹೆಚ್ಚಾಯಿತು. ಧಾರಾವಾಹಿಯ ಲೆಕ್ಕದಲ್ಲಿ ಏಗಾನ್ ಹುಟ್ಟಿದ್ದು ಸುಮಾರು 113. ರೆನೀರಾಳನ್ನು 97ರಲ್ಲೇ ಬಿಟ್ಟರೆ ಅಕ್ಕ–ತಮ್ಮನ ಅಂತರ 16ಕ್ಕೆ ಏರುತ್ತದೆ. ನಿಮ್ಮ ಊರಿನವರೇ ಇನ್ನೊಬ್ಬರು ಕೇಳಿದ್ದ ‘ಆಲಿಸೆಂಟ್ ರೆನೀರಾಗಿಂತ ಎಷ್ಟು ದೊಡ್ಡವಳು’ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಪುಸ್ತಕದಲ್ಲಿ ಆಲಿಸೆಂಟ್ 88ರವಳು, ಒಂಬತ್ತು ವರ್ಷ ಹಿರಿಯಳು. ಧಾರಾವಾಹಿಯಲ್ಲಿ ಇಬ್ಬರೂ ಓರಗೆಯ ಗೆಳತಿಯರು.

ಆದ್ದರಿಂದ ಪುಸ್ತಕದ ಹುಟ್ಟಿದ ವರ್ಷವನ್ನು ಧಾರಾವಾಹಿಯ ದೃಶ್ಯಕ್ಕೆ ಅಂಟಿಸಬೇಡಿ. ಎರಡಕ್ಕೂ ಬೇರೆ ಬೇರೆ ಕಂಬಸಾಲು ಇರಲಿ. ಓದುಗರು ಕಳಿಸಿದ ‘ತಪ್ಪು’ಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಬೆರಕೆಯಿಂದಲೇ. ‘ಗೇಮ್ ಆಫ್ ಥ್ರೋನ್ಸ್’ ಕೂಡ ಅಷ್ಟೆ: ಪುಸ್ತಕ ಶುರುವಾಗುವಾಗ ಡೆನೇರಿಸ್‌ಗೆ 13, ಸ್ಟಾರ್ಕ್ ಮನೆಯಲ್ಲಿ ಬೆಳೆದ ರಾಬ್ ಮತ್ತು ಜಾನ್ ಸ್ನೋಗೆ 14. ಕಿರುತೆರೆಗೆ ತರುವಾಗ ಹುಡುಗರನ್ನು 17ಕ್ಕೆ ಏರಿಸಿದರು. ಅವರು ಹುಟ್ಟಿದ್ದು ಏರಿಸ್‌ನನ್ನು ಉರುಳಿಸಿದ ರಾಬರ್ಟ್‌ನ ದಂಗೆಯ ಕಾಲದಲ್ಲಾದ್ದರಿಂದ ಆ ದಂಗೆಯೂ 15ರ ಬದಲು 17 ವರ್ಷ ಹಿಂದಕ್ಕೆ ಸರಿಯಬೇಕಾಯಿತು. ಒಂದು ಕಲ್ಲು ಕದಲಿಸಿದರೆ ಗೋಡೆಯೇ ಕದಲುತ್ತದೆ.

ಪ್ರಶ್ನೆ: ನಾನು ಇಸವಿ ಕಳೆದು ಬರೆದ ವಯಸ್ಸಿಗೂ ಪುಸ್ತಕದಲ್ಲಿ ಹೇಳಿದ ವಯಸ್ಸಿಗೂ ಎಲ್ಲೆಲ್ಲೂ ಒಂದು ವರ್ಷದ ವ್ಯತ್ಯಾಸ ಬರುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ? (ಮಂಗಳೂರು)

ನೀವು ತಪ್ಪುತ್ತಿಲ್ಲ, ಒಂದೇ ಉತ್ತರ ಬರೆಯುತ್ತಿದ್ದೀರಿ, ಅಷ್ಟೆ. ತಿಂಗಳು ಗೊತ್ತಿಲ್ಲದೆ ಬರೀ ಇಸವಿ ಗೊತ್ತಿದ್ದರೆ ವಯಸ್ಸು ಯಾವಾಗಲೂ ಎರಡು: ಕಳೆದು ಬಂದ ಸಂಖ್ಯೆ, ಇಲ್ಲವೇ ಅದಕ್ಕಿಂತ ಒಂದು ಕಡಿಮೆ. ಮೂರನೇ ಏಗಾನ್ ಹುಟ್ಟಿದ್ದು 120ರ ಕೊನೆಯಲ್ಲಿ, ಪಟ್ಟವೇರಿದ್ದು 131ರಲ್ಲಿ. ಕಳೆದರೆ 11, ಆದರೆ ಪಟ್ಟದ ಹೊತ್ತಿಗೆ ಅವನಿಗಿನ್ನೂ ಹತ್ತೇ. ಚಾರ್ಟ್‌ನಲ್ಲಿ ‘10–11’ ಎಂದು ಬರೆಯಿರಿ.

ಎರಡನೆಯದು ಭಾಷೆಯ ತೊಡಕು. ಇಂಗ್ಲಿಷ್ ಪಠ್ಯದಲ್ಲಿ ಒಬ್ಬನು ‘ತನ್ನ ಹತ್ತನೇ ವರ್ಷದಲ್ಲಿ’ ಇದ್ದ ಎಂದು ಬಂದರೆ ನಮ್ಮಲ್ಲಿ ‘ಒಂಬತ್ತು ತುಂಬಿ ಹತ್ತಕ್ಕೆ ಬಿದ್ದಿದೆ’ ಎನ್ನುತ್ತೇವಲ್ಲ, ಅದು. ಹತ್ತು ತುಂಬಿದೆ ಎಂದಲ್ಲ. ನಾಮಕರಣದ ದಿನ ಎಂದು ಅವರು ಹೇಳುವುದು ಹುಟ್ಟುಹಬ್ಬವನ್ನು. ಹದಿನಾಲ್ಕನೆಯದು ಬಂತೆಂದರೆ ಹದಿನಾಲ್ಕು ತುಂಬಿತು. ಡೆನೇರಿಸ್ ತಾನು ಗರ್ಭಿಣಿ ಎಂದು ದಾಸಿಯೊಡನೆ ಮಾತಾಡುವುದು ಆ ದಿನವೇ. 284ರಿಂದ 298ಕ್ಕೆ 14, ಅಲ್ಲಿ ಲೆಕ್ಕ ಕರಾರುವಾಕ್ಕು. ಹಳಗನ್ನಡ ಶಾಸನಗಳ ಶಕವರ್ಷವನ್ನು ಕ್ರಿಸ್ತಶಕಕ್ಕೆ ತರುವವರಿಗೂ ಇದೇ ಕಾಟ: ಗತವರ್ಷವಾದರೆ 78 ಕೂಡಿಸಬೇಕು, ನಡೆಯುತ್ತಿರುವ ವರ್ಷವಾದರೆ 77.

ಮೂರನೆಯದು ಆಳ್ವಿಕೆಯ ಪಟ್ಟಿ. 1–37, 37–42, 42–48 ಎಂದು ಒಬ್ಬ ಮುಗಿದ ವರ್ಷವೇ ಇನ್ನೊಬ್ಬನ ಮೊದಲ ವರ್ಷ. ಒಬ್ಬೊಬ್ಬರದೂ ಎರಡೂ ತುದಿ ಸೇರಿಸಿ ಎಣಿಸಿದರೆ ತಲಾ ಒಂದು ವರ್ಷ ಹೆಚ್ಚುತ್ತದೆ. ಮೊದಲನೇ ಏಗಾನ್‌ನಿಂದ ಎರಡನೇ ಏರಿಸ್‌ವರೆಗೆ ಪಟ್ಟಿಯಲ್ಲಿ 17 ರಾಜರು. ಸರಿಯಾದ ಮೊತ್ತ 282 ವರ್ಷ, ತಪ್ಪು ಮೊತ್ತ 299. ಹಾಗೆ ಕೂಡಿಸಿದವರ ಏರಿಸ್, ಮುಖ್ಯ ಕಥೆ ಶುರುವಾಗುವ 298 ದಾಟಿದ ಮೇಲೂ ಸಿಂಹಾಸನದಲ್ಲೇ ಕೂತಿರುತ್ತಾನೆ!

ನಾಲ್ಕನೆಯದು ಶಕಾರಂಭ. ಏಗಾನ್ ದಡಕ್ಕೆ ಇಳಿದದ್ದಕ್ಕೂ ಓಲ್ಡ್‌ಟೌನ್‌ನಲ್ಲಿ ಅವನ ಪಟ್ಟಾಭಿಷೇಕವಾದದ್ದಕ್ಕೂ ನಡುವೆ ಎರಡು ವರ್ಷ ಮೀರಿದ ಅವಧಿಯಿದೆ. ಎಣಿಕೆ ಶುರುವಾಗುವುದು ಪಟ್ಟಾಭಿಷೇಕದಿಂದ. ಈ ಕಾಲಗಣನೆ ಅಷ್ಟು ಖಚಿತವಲ್ಲ ಎಂದು ‘ಫೈರ್ ಅಂಡ್ ಬ್ಲಡ್’ನ ನಿರೂಪಕ ವಿದ್ವಾಂಸ ಮೊದಲ ಪುಟಗಳಲ್ಲೇ ಒಪ್ಪಿಕೊಳ್ಳುತ್ತಾನೆ. ಶಕಾರಂಭವನ್ನು ದಾಟುವ ಆಯುಷ್ಯಕ್ಕೆ ಇನ್ನೊಂದು ಎಚ್ಚರ ಬೇಕು. ಮೊದಲನೇ ಏಗಾನ್ ವಿಜಯಪೂರ್ವ 27ರಿಂದ ವಿ.ಶ. 37ರವರೆಗೆ ಬದುಕಿದ. ನಡುವೆ ಸೊನ್ನೆ ವರ್ಷ ಇದೆ ಎಂದು ಹಿಡಿದರೆ ಆಯುಷ್ಯ 63–64, ಇಲ್ಲವೆಂದರೆ 62–63. ಯಾವುದನ್ನೇ ಹಿಡಿಯಿರಿ, ಹಾಳೆಯ ಕೊನೆಯವರೆಗೂ ಅದನ್ನೇ ಹಿಡಿಯಿರಿ.

ಪ್ರಶ್ನೆ: ಜಾನ್ ದೊಡ್ಡವನೋ, ಡೆನೇರಿಸ್ ದೊಡ್ಡವಳೋ? (ಹಾಸನ)

ಜಾನ್. ಎಂಟು–ಒಂಬತ್ತು ತಿಂಗಳ ಅಂತರ ಎಂದು ಮಾರ್ಟಿನ್ ಅವರೇ ಹೇಳಿದ್ದಾರೆ. ಧಾರಾವಾಹಿಯಲ್ಲಿ ಬಯಲಾದ ಸಂಬಂಧದ ಪ್ರಕಾರ ಡೆನೇರಿಸ್ ಅವನಿಗೆ ಸೋದರತ್ತೆ. ಅತ್ತೆಗಿಂತ ಅಳಿಯ ದೊಡ್ಡವ.

ಪ್ರಶ್ನೆ: ಧಾರಾವಾಹಿಯಲ್ಲಿ ಮುದುಕ ಏಮನ್ ತನ್ನ ತಮ್ಮ ಐದನೇ ಏಗಾನ್‌ನ ನಂತರ ಅವನ ಮಗ ಏರಿಸ್ ಆಳಿದ ಎನ್ನುತ್ತಾನೆ. ಪುಸ್ತಕದ ವೃಕ್ಷದಲ್ಲಿ ನಡುವೆ ಎರಡನೇ ಜೆಹೇರಿಸ್ ಎಂಬ ರಾಜನಿದ್ದಾನೆ. ಯಾವುದು ಸರಿ? (ಶಿವಮೊಗ್ಗ)

ಅವರವರ ಲೋಕದಲ್ಲಿ ಅದದೇ ಸರಿ. ಧಾರಾವಾಹಿ ಜೆಹೇರಿಸ್‌ನನ್ನು ಕೈಬಿಟ್ಟಿದೆ. ಪುಸ್ತಕದಲ್ಲಿ ಅದೇ ಏಮನ್, ಜಾನ್‌ನೊಡನೆ ಮಾತಾಡುತ್ತಾ, ಕೊಲೆಯಾದ ಏರಿಸ್ ತನ್ನ ತಮ್ಮನ ಮೊಮ್ಮಗ ಎನ್ನುತ್ತಾನೆ. ‘ಮಗ’ ಮತ್ತು ‘ಮೊಮ್ಮಗ’, ಒಂದು ಪದದಲ್ಲಿ ಒಬ್ಬ ರಾಜ ಮಾಯ.

ಈ ಪ್ರಶ್ನೆ ನಮಗೆ ಮೆಚ್ಚಿಗೆಯಾದದ್ದು ಬೇರೆ ಕಾರಣಕ್ಕೆ. ವಯಸ್ಸಿನ ಪರೀಕ್ಷೆ ಈ ತಪ್ಪನ್ನು ಹಿಡಿಯುವುದೇ ಇಲ್ಲ. ಪುಸ್ತಕದ ಇಸವಿ ನೋಡಿ: ಐದನೇ ಏಗಾನ್ 200, ಎರಡನೇ ಜೆಹೇರಿಸ್ 225, ಎರಡನೇ ಏರಿಸ್ 244, ರೇಗಾರ್ 259. ಜೆಹೇರಿಸ್‌ನನ್ನು ಕಿತ್ತುಹಾಕಿದರೆ ಏಗಾನ್‌ಗೆ 44ರಲ್ಲಿ ಏರಿಸ್ ಹುಟ್ಟಿದಂತಾಗುತ್ತದೆ. ಅದರಲ್ಲೇನೂ ಅಸಹಜವಿಲ್ಲ. ಇನ್ನೂ ಹೇಳಬೇಕೆಂದರೆ, ಹದಿನೈದಕ್ಕೆ ಅಪ್ಪನಾದ ಏರಿಸ್, 59ಕ್ಕೆ ಮುತ್ತಜ್ಜನಾದ ಐದನೇ ಏಗಾನ್ ಇರುವ ಪುಸ್ತಕದ ಸರಪಳಿಗಿಂತ ಈ ಕತ್ತರಿಸಿದ ಸರಪಳಿಯೇ ನೋಡಲು ಸಲೀಸು. ತಲೆಮಾರು ಹೆಚ್ಚಾದರೆ ವಯಸ್ಸು ಕೂಗಿ ಹೇಳುತ್ತದೆ, ಕಡಿಮೆಯಾದರೆ ಬಾಯಿ ಬಿಡುವುದಿಲ್ಲ. ಅದನ್ನು ಹಿಡಿಯಬೇಕಾದರೆ ಆಳ್ವಿಕೆಯ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಳ್ಳಬೇಕು. ಏಗಾನ್ 259ರಲ್ಲಿ ಸತ್ತ, ಏರಿಸ್ 262ರಲ್ಲಿ ಪಟ್ಟಕ್ಕೆ ಬಂದ. ನಡುವಿನ ಮೂರು ವರ್ಷ ಯಾರದು? ಅಲ್ಲಿ ಜೆಹೇರಿಸ್ ಸಿಗುತ್ತಾನೆ.

ಅಂದಹಾಗೆ 259ರಲ್ಲಿ ಸಮ್ಮರ್‌ಹಾಲ್ ಅರಮನೆ ಹೊತ್ತಿ ಉರಿದ ದಿನವೇ ರೇಗಾರ್ ಹುಟ್ಟಿದ್ದು. ಮುತ್ತಜ್ಜ ಹೋದ ದಿನವೇ ಮರಿಮಗ ಬಂದ.

ಪ್ರಶ್ನೆ: ಏಮನ್‌ಗೆ ನೂರು ದಾಟಿತ್ತು ಎನ್ನುವುದು ಉತ್ಪ್ರೇಕ್ಷೆಯೇ? (ಕಲಬುರಗಿ)

ಅಲ್ಲ. 198ರಲ್ಲಿ ಹುಟ್ಟಿ 300ರಲ್ಲಿ, 102ನೇ ವಯಸ್ಸಿಗೆ, ಹಡಗಿನಲ್ಲಿ ತೀರಿಕೊಂಡ. ಡೆನೇರಿಸ್‌ಗೆ ಅವನು ಮುತ್ತಜ್ಜನ ಅಣ್ಣ. 86 ವರ್ಷದ ಅಂತರವನ್ನು ಮೂರು ತಲೆಮಾರಿಗೆ ಹಂಚಿದರೆ ತಲಾ 29ಕ್ಕೂ ಕಡಿಮೆ. ಲೆಕ್ಕದಲ್ಲಿ ಯಾವ ತೊಡಕೂ ಇಲ್ಲ.

ಪ್ರಶ್ನೆ: ಈ ವಂಶವೃಕ್ಷವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಂಬಂಧದ ಪದಗಳಲ್ಲೇ ಸಿಕ್ಕಿಬಿದ್ದಿದ್ದೇನೆ. ಇಂಗ್ಲಿಷಿನ ಅಂಕಲ್, ಆಂಟ್, ಕಸಿನ್‌ಗಳಿಗೆ ಏನು ಬರೆಯಲಿ? ಸಾಲು ಸಾಲಾಗಿ ತಲೆಮಾರುಗಳನ್ನು ಇಡಲೂ ಆಗುತ್ತಿಲ್ಲ. (ಉಡುಪಿ)

ಸಿಕ್ಕಿಬಿದ್ದದ್ದು ಒಳ್ಳೆಯದೇ ಆಯಿತು. ಈ ಮನೆತನದ ವಯಸ್ಸಿನ ಗೊಂದಲ ಹಿಡಿಯಲು ನಮ್ಮ ಸಂಬಂಧವಾಚಕಗಳಷ್ಟು ಒಳ್ಳೆಯ ಜರಡಿ ಇಂಗ್ಲಿಷಿನಲ್ಲಿ ಇಲ್ಲ. ಅಂಕಲ್ ಎಂದರೆ ಮುಗಿಯಿತು, ಯಾರ ಕಡೆಯವನು, ಹಿರಿಯನೋ ಕಿರಿಯನೋ ಬೇಕಿಲ್ಲ. ಕನ್ನಡದಲ್ಲಿ ದೊಡ್ಡಪ್ಪನೋ ಚಿಕ್ಕಪ್ಪನೋ ಎಂದು ಬರೆಯಬೇಕಾದರೆ ಮೊದಲು ಇಬ್ಬರ ಹುಟ್ಟಿದ ವರ್ಷ ನೋಡಲೇಬೇಕು. ಪದ ಆರಿಸುವಾಗಲೇ ಪರಿಶೀಲನೆ ಮುಗಿದಿರುತ್ತದೆ.

ರೆನೀರಾಳ ಗಂಡ ಡೇಮನ್ (81) ಅವಳ ಅಪ್ಪ ಮೊದಲನೇ ವಿಸೆರಿಸ್‌ನ (77) ತಮ್ಮ. ಆದ್ದರಿಂದ ಚಿಕ್ಕಪ್ಪ. ಅವನನ್ನು ‘ಮಾವ’ ಎಂದು ಬರೆದರೆ ಅರ್ಥವೇ ಕೆಟ್ಟುಹೋಗುತ್ತದೆ. ಸೋದರಮಾವನೊಡನೆ ಮದುವೆ ನಮ್ಮ ಅನೇಕ ಮನೆಗಳಲ್ಲಿ ನಡೆದುಬಂದದ್ದು, ಓದುಗ ಹುಬ್ಬೇರಿಸುವುದೇ ಇಲ್ಲ. ಚಿಕ್ಕಪ್ಪ ಎಂದರೆ ಅಪ್ಪನ ಸ್ಥಾನ. 120ರಲ್ಲಿ ಆ ಇಬ್ಬರು ಮದುವೆಯಾದಾಗ ಅರಮನೆಗೆ ಆದ ದಿಗಿಲಿಗೆ ಅಲ್ಲಿ ಬೇರೆ ಕಾರಣಗಳಿದ್ದವು, ಆದರೆ ಕನ್ನಡದ ಓದುಗನಿಗೆ ದಿಗಿಲು ಹುಟ್ಟಿಸಲು ಆ ಒಂದು ಪದ ಸಾಕು. ಅದೇ ಏಮಂಡ್, ರೆನೀರಾಳ ಮಗ ಜಸೇರಿಸ್‌ಗೆ ತಾಯಿಯ ಮಲತಮ್ಮ, ಅಲ್ಲಿ ‘ಸೋದರಮಾವ’ ಸರಿ. ಮಾವ 110ರವನು, ಅಳಿಯ 114ರವನು. ಜಸೇರಿಸ್‌ನ ಇನ್ನೊಬ್ಬ ಸೋದರಮಾವ ಡೇರನ್ ಕೂಡ 114ರವನೇ.

ಅಣ್ಣ–ತಂಗಿ ಮದುವೆಯಾದ ಕಡೆ ಒಂದೇ ವ್ಯಕ್ತಿಗೆ ಎರಡು ಪದ ಬರುತ್ತವೆ. ಮೊದಲನೇ ವಿಸೆರಿಸ್‌ನ ತಂದೆ ಬೇಲನ್ (57), ತಾಯಿ ಅಲಿಸಾ (60), ಇಬ್ಬರೂ ಒಡಹುಟ್ಟಿದವರು. ಅವರ ತಂಗಿ ಡೇಲಾ (64) ವಿಸೆರಿಸ್‌ಗೆ ಅಪ್ಪನ ಕಡೆಯಿಂದ ಸೋದರತ್ತೆ, ಅಮ್ಮನ ಕಡೆಯಿಂದ ಚಿಕ್ಕಮ್ಮ. ಡೇಲಾಳ ಮಗಳು ಏಮಾಳನ್ನು (82) ವಿಸೆರಿಸ್ ಮದುವೆಯಾದ. ಅತ್ತೆಯ ಮಗಳೆಂದರೆ ವರಸೆ ಕೂಡುತ್ತದೆ, ಚಿಕ್ಕಮ್ಮನ ಮಗಳೆಂದರೆ ತಂಗಿ. ಕಸಿನ್ ಎಂಬ ಪದ ಈ ತಮಾಷೆಯನ್ನೆಲ್ಲ ನುಂಗಿ ನೀರು ಕುಡಿಯುತ್ತದೆ. ಚಾರ್ಟ್‌ನಲ್ಲಿ ಎರಡೂ ಬರೆಯಿರಿ, ಜಾಗವಿಲ್ಲದಿದ್ದರೆ ಅಪ್ಪನ ಕಡೆಯದನ್ನು ಬರೆಯಿರಿ. ಉಪನಾಮ ಇಳಿಯುವುದು ಆ ಕಡೆಯಿಂದ.

ಇದೇ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳು ಒಟ್ಟಿಗೇ ಹುಟ್ಟಿದ್ದಾರೆ. ಮೊದಲನೇ ಜೆಹೇರಿಸ್‌ನ ರಾಣಿ ಅಲಿಸಾನ್‌ಳ (36) ಕೊನೆಯ ಗಂಡುಮಗು ವ್ಯಾಲೇರಿಯನ್ ಹುಟ್ಟಿದ್ದು 77ರಲ್ಲಿ, ಮೊಮ್ಮಗ ವಿಸೆರಿಸ್ ಹುಟ್ಟಿದ್ದೂ 77ರಲ್ಲಿ. ಕೊನೆಯ ಮಗಳು ಗೇಲ್ 80ರಲ್ಲಿ, ಅಲಿಸಾನ್‌ಗೆ 44 ಆದಾಗ. ಹದಿಮೂರು ಮಕ್ಕಳ ಹೆರಿಗೆ ಸುಮಾರು ಮೂವತ್ತು ವರ್ಷ ಹರಡಿದರೆ ಹೀಗಾಗುವುದು ಸಹಜ. ಇದನ್ನು ತಪ್ಪೆಂದು ಗುರುತಿಸಿ ಕಳಿಸಿದವರು ಮೂವರು. ತಪ್ಪಲ್ಲ, ನಮ್ಮ ಹಳೆಯ ಕೂಡುಕುಟುಂಬಗಳಲ್ಲಿ ಅತ್ತೆ–ಸೊಸೆ ಒಟ್ಟಿಗೆ ಬಾಣಂತನ ಮಾಡಿಸಿಕೊಂಡ ಹಾಗೆ.

ಇನ್ನು ಸಾಲುಗಳ ಪ್ರಶ್ನೆ. ತಲೆಮಾರಿನ ಸಾಲು ಈ ಮನೆತನದಲ್ಲಿ ನಿಲ್ಲುವುದೇ ಇಲ್ಲ. ಡೇಮನ್–ರೆನೀರಾಳ ಮಗ ಮೂರನೇ ಏಗಾನ್‌ನನ್ನು ನೋಡಿ. ಅಪ್ಪನ ದಾರಿಯಲ್ಲಿ ಮೊದಲನೇ ಜೆಹೇರಿಸ್‌ನಿಂದ ಅವನು ಮೂರನೇ ಮೆಟ್ಟಿಲು, ಅಮ್ಮನ ದಾರಿಯಲ್ಲಿ ನಾಲ್ಕನೇ ಮೆಟ್ಟಿಲು. ರಾಜ ವಿಸೆರಿಸ್ ಅವನಿಗೆ ತಾಯಿಯ ತಂದೆ, ಅಂದರೆ ಅಜ್ಜ, ತಂದೆಯ ಅಣ್ಣನೂ ಆದ್ದರಿಂದ ದೊಡ್ಡಪ್ಪ. ಮೊದಲ ಉತ್ತರದಲ್ಲಿ ಹೇಳಿದ ಸರಾಸರಿ ಕೂಡ ಡೇಮನ್ ದಾರಿ ಹಿಡಿದರೆ 12 ಮೆಟ್ಟಿಲಾಗಿ 26ಕ್ಕೆ ಹೋಗುತ್ತದೆ. ಆದ್ದರಿಂದ ತಲೆಮಾರಿನ ಸಾಲು ಬಿಡಿ. ಹಾಳೆಯ ಎಡ ಅಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಇಸವಿಯ ಅಳತೆಗೆರೆ ಎಳೆದು, ಹತ್ತು ವರ್ಷಕ್ಕೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಒಬ್ಬೊಬ್ಬರನ್ನೂ ಹುಟ್ಟಿದ ವರ್ಷದ ಎತ್ತರದಲ್ಲಿ ಇಡಿ. 311 ವರ್ಷ ಎಂದರೆ 31 ಸೆಂಟಿಮೀಟರ್, ಎ3 ಹಾಳೆಯಲ್ಲಿ ಉದ್ದಕ್ಕೆ ಹಿಡಿಯುತ್ತದೆ. ಗೆರೆಗಳು ಓರೆಯಾಗುತ್ತವೆ, ಆಗಲಿ. ಗಿಡ್ಡ ಗೆರೆ ಕಂಡಲ್ಲಿ ಎಳೆಯ ಅಪ್ಪ, ಉದ್ದ ಗೆರೆ ಕಂಡಲ್ಲಿ ಮುದಿ ಅಪ್ಪ.

ಪ್ರಶ್ನೆ: ಎಕ್ಸೆಲ್ ಹಾಳೆಯಲ್ಲಿ ಪರೀಕ್ಷೆ ಹಾಕಿದ್ದೇನೆ: ಮಗು ಹುಟ್ಟಿದ ವರ್ಷ ತಂದೆ–ತಾಯಿ ಸತ್ತ ವರ್ಷಕ್ಕಿಂತ ಮುಂದಿದ್ದರೆ ಕೆಂಪು. ಡೆನೇರಿಸ್‌ಳೇ ಕೆಂಪಾಗಿದ್ದಾಳೆ! (ಬೆಳಗಾವಿ)

ಸೂತ್ರವನ್ನು ತಾಯಿಗೆ ಬೇರೆ, ತಂದೆಗೆ ಬೇರೆ ಮಾಡಿ. ತಾಯಿಯ ವಿಷಯದಲ್ಲಿ ಮಗುವಿನ ಜನನ ವರ್ಷ ತಾಯಿಯ ಮರಣ ವರ್ಷಕ್ಕೆ ಸಮ ಅಥವಾ ಕಡಿಮೆ ಇರಬೇಕು. ಸಮ ಬಂದವರನ್ನು ಹಳದಿ ಮಾಡಿ, ಈ ಮನೆತನದಲ್ಲಿ ಹೆರಿಗೆಯಲ್ಲಿ ಸತ್ತವರು ಬಹಳ: ಡೇಲಾ 82ರಲ್ಲಿ, ಏಮಾ 105ರಲ್ಲಿ, ಡೆನೇರಿಸ್‌ಳ ತಾಯಿ ರೆಲ್ಲಾ 284ರಲ್ಲಿ. ತಂದೆಯ ವಿಷಯದಲ್ಲಿ ಮರಣ ವರ್ಷಕ್ಕೆ ಒಂದು ಕೂಡಿಸಿ. ಏರಿಸ್ ಸತ್ತದ್ದು 283, ರಾಣಿ ಡ್ರ್ಯಾಗನ್‌ಸ್ಟೋನ್ ದ್ವೀಪಕ್ಕೆ ತಪ್ಪಿಸಿಕೊಂಡು ಹೋದ ಒಂಬತ್ತು ತಿಂಗಳಿಗೆ ಮಗು. ಒಂದಕ್ಕಿಂತ ಹೆಚ್ಚು ವರ್ಷ ದಾಟಿದರೆ ಮಾತ್ರ ಕೆಂಪು.

ತಾಯಿಯ ವಯಸ್ಸಿನ ಮಿತಿಯನ್ನು 13ರಿಂದ 50 ಇಡಿ. 18 ಎಂದು ಇಟ್ಟರೆ ಹಾಳೆಯ ಕಾಲುಭಾಗ ಕೆಂಪಾಗಿ ನಿಜವಾದ ತಪ್ಪು ಅದರಲ್ಲೇ ಮುಚ್ಚಿಹೋಗುತ್ತದೆ. ಏಮಾಳಿಗೆ ರೆನೀರಾ ಹುಟ್ಟಿದ್ದು 15ರ ಆಸುಪಾಸಿನಲ್ಲಿ. ಒಂದೇ ತಾಯಿಯ ಮಕ್ಕಳು ಒಂದೇ ಇಸವಿಯಲ್ಲಿ ಬಂದರೆ ಅವಳಿಗಳೇ ಎಂದು ಪಠ್ಯ ತೆರೆದು ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಇಸವಿಯ ಪಕ್ಕ ‘ಆಧಾರ’ ಎಂದು ಒಂದು ಕಂಬಸಾಲು ಇರಲಿ: ಅನುಬಂಧ, 2014, 2018, ಧಾರಾವಾಹಿ. ಕೆಂಪು ಬಂದ ಸಾಲಿನಲ್ಲಿ ಎರಡು ಬೇರೆ ಆಧಾರಗಳು ಕಂಡರೆ ಅಲ್ಲಿಗೇ ನಿಲ್ಲಿ. ತಪ್ಪು ವಂಶದ್ದಲ್ಲ, ಹಾಳೆಯದ್ದು.